ಹಳೇ ಸೂಟಿನ ವಯಸ್ಸು ಒಳಜೇಬಿನಲ್ಲಿರುತ್ತದೆ

ಲ್ಯಾಪೆಲ್ (ಕೋಟಿನ ಎದೆಯ ಮೇಲೆ ಹೊರಕ್ಕೆ ಮಡಚಿದ ಪಟ್ಟಿ) ಅಗಲ ಇದೆ, ಭುಜದಲ್ಲಿ ದಪ್ಪ ಪ್ಯಾಡ್ ಇದೆ, ಮಾರಿದವರು 1940ರ ದಶಕದ ಸೂಟು ಅಂದಿದ್ದಾರೆ, ನಂಬಬಹುದಾ ಅಂತ ಕೇಳಿದ್ದೀರಿ. ಅಷ್ಟನ್ನೇ ನೋಡಿ ನಂಬಬೇಡಿ.

ನಾನು ಹಾಗೆ ನಂಬಿ ಕೆಟ್ಟವನು. ಅಗಲ ಲ್ಯಾಪೆಲ್ಲಿನ ಒಂದು ಇಂಗ್ಲಿಷ್ ಡಬಲ್ ಬ್ರೆಸ್ಟೆಡ್ ಕೋಟು, ಅಂದರೆ ಎದೆಯ ಮೇಲೆ ಎರಡು ಸಾಲು ಗುಂಡಿ ಇರುವಂಥದ್ದು, ತಂದು, ಇದು ಯುದ್ಧದ ಕಾಲದ್ದು ಅಂತ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ. ತಿಂಗಳುಗಟ್ಟಲೆ ಆದ ಮೇಲೆ ಒಂದು ದಿನ ಒಳಜೇಬನ್ನು ಹೊರಕ್ಕೆ ಮಗುಚಿದಾಗ ಒಂದು ಸಣ್ಣ ಚೀಟಿ ಕಂಡಿತು, ಅದರ ಮೇಲೆ ಉಣ್ಣೆಯ ಉಂಡೆಯಂಥ ವುಲ್‌ಮಾರ್ಕ್ ಗುರುತು, ಶುದ್ಧ ಉಣ್ಣೆ ಅಂತ ಹೇಳೋ ಮುದ್ರೆ. ಆ ಗುರುತು ಹುಟ್ಟಿದ್ದೇ 1964ರಲ್ಲಿ! ಇನ್ನೂ ನಗೆಪಾಟಲಿನ ವಿಷಯ ಅಂದರೆ, ಬಟ್ಟೆ ಉಳಿಸಲಿಕ್ಕೆ ಬ್ರಿಟನ್ 1942ರಿಂದ 1944ರ ಶುರುವಿನ ತನಕ ಡಬಲ್ ಬ್ರೆಸ್ಟೆಡ್ ಕೋಟು ಹೊಲಿಯುವುದನ್ನೇ ನಿಲ್ಲಿಸಿತ್ತು, ಪ್ಯಾಂಟಿನ ಕಾಲಿನ ತುದಿಯಲ್ಲಿ ಮೇಲಕ್ಕೆ ಮಡಚಿದ ಪಟ್ಟಿ ಕೂಡ ಇಡುವಂತಿರಲಿಲ್ಲ. ನನಗೆ ಅದೂ ಗೊತ್ತಿರಲಿಲ್ಲ.

ಅಗಲ ಲ್ಯಾಪೆಲ್ 40ರ ದಶಕದಲ್ಲಿತ್ತು, 60ರ ಶುರುವಿಗೆ ತೆಳ್ಳಗಾಯಿತು, 70ರಲ್ಲಿ ಮತ್ತೆ ಅಗಲವಾಯಿತು. ಹೀಗೆ ಸುತ್ತಿ ಸುತ್ತಿ ಬರುವುದನ್ನು ಹಿಡಿದು ವಯಸ್ಸು ಹೇಳೋದು ಕಷ್ಟ ಅಲ್ವಾ? ಹಾಗಾಗಿ ಒಳಗೆ ನೋಡಿ.

ಮೊದಲು ಒಳಜೇಬು. ಅಳತೆ ಕೊಟ್ಟು ಹೊಲಿಸಿದ ಸೂಟಾದರೆ ಜೇಬಿನೊಳಗಿನ ಚೀಟಿಯಲ್ಲಿ ಗಿರಾಕಿಯ ಹೆಸರು, ತಾರೀಖು ಎರಡನ್ನೂ ಟೈಲರ್ ಬರೆದಿರುವುದುಂಟು. ಅದು ಸಿಕ್ಕರೆ ಕೆಲಸ ಮುಗಿಯಿತು. ಅಮೆರಿಕದ ರೆಡಿಮೇಡ್ ಸೂಟಾದರೆ ಅದೇ ಜೇಬಿನೊಳಗೆ ಹೊಲಿಗೆ ಕೆಲಸಗಾರರ ಯೂನಿಯನ್ನಿನ ಲೇಬಲ್ ಇರಬಹುದು. 'ಅಮಲ್ಗಮೇಟೆಡ್ ಕ್ಲೋದಿಂಗ್ ವರ್ಕರ್ಸ್ ಆಫ್ ಅಮೆರಿಕ' ಅಂತ ಬರೆದಿರುತ್ತದೆ. ಇದರ ವಿನ್ಯಾಸ 1949ರಲ್ಲಿ ಒಮ್ಮೆ, 1962ರಲ್ಲಿ ಒಮ್ಮೆ ಬದಲಾಯಿತು. 1976ರಲ್ಲಿ ಜವಳಿ ಕೆಲಸಗಾರರ ಯೂನಿಯನ್ ಇದರ ಜೊತೆ ಸೇರಿದ ಮೇಲೆ ಹೆಸರಿನಲ್ಲಿ 'ಟೆಕ್ಸ್‌ಟೈಲ್' ಅನ್ನೋದೂ ಬಂತು. ಆ ಪದ ಕಂಡರೆ 40ರ ದಶಕದ ಮಾತು ಅಲ್ಲಿಗೇ ಬಿಡಿ.

ಬ್ರಿಟನ್ನಿನದಾದರೆ ಎರಡು ದುಂಡು 'ಸಿ' ಅಕ್ಷರಗಳ ಜೊತೆ 41 ಅನ್ನೋ ಅಂಕಿ ಹುಡುಕಿ. 1941ರಿಂದ 1952ರ ತನಕ ಸರ್ಕಾರದ ಯುಟಿಲಿಟಿ ಬಟ್ಟೆಗಳಿಗೆ, ಅಂದರೆ ಸರ್ಕಾರ ಹೇಳಿದ ಅಳತೆ-ಗುಣಮಟ್ಟಕ್ಕೆ ಹೊಲಿದ ಬಟ್ಟೆಗಳಿಗೆ, ಹಾಕುತ್ತಿದ್ದ ಗುರುತು ಅದು. ಇದು ಸಿಕ್ಕರೆ ಮಾರಿದವರ ಮಾತನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. 'ವೆಸ್ಟ್ ಜರ್ಮನಿ' ಅಂತ ಇದ್ದರೆ 1949ಕ್ಕಿಂತ ಹಿಂದಿನದಲ್ಲ. ಹೇಗೆ ಒಗೆಯಬೇಕು ಅಂತ ಬರೆದ ಹೊಲಿದ ಪಟ್ಟಿ ಅಮೆರಿಕದಲ್ಲಿ ಕಡ್ಡಾಯ ಆಗಿದ್ದು 1972ರಲ್ಲಿ. ಪಾಲಿಯೆಸ್ಟರ್ ಬೆರೆತಿದ್ದರೆ 50ರ ದಶಕ ಅಥವಾ ಆಮೇಲಿನದು.

ಟೈಲರ್ ಬರೆದ ತಾರೀಖು, ಯುಟಿಲಿಟಿ ಗುರುತು ಬಿಟ್ಟರೆ ಉಳಿದವು ಹೆಚ್ಚಾಗಿ ಹೇಳುವುದು 'ಇದಕ್ಕಿಂತ ಹಳೆಯದಲ್ಲ' ಅನ್ನುವುದನ್ನು ಮಾತ್ರ. ಆದ್ದರಿಂದ ಹತ್ತು ಹಳೇ ಗುರುತಿದ್ದರೂ ಒಂದು ಹೊಸ ಗುರುತು ಕಂಡರೆ ಆ ಹೊಸದನ್ನೇ ನಂಬಬೇಕು. ಜಿಪ್ ವಿಷಯದಲ್ಲಿ ಜಾಸ್ತಿ ಜನ ಎಡವುವುದು ಇಲ್ಲೇ. ಪ್ಯಾಂಟಿಗೆ ಜಿಪ್ ಬಳಕೆಗೆ ಬಂದದ್ದು 1930ರ ದಶಕದಲ್ಲಿ, ಆದರೆ ಆಮೇಲೂ ಎಷ್ಟೋ ಟೈಲರ್‌ಗಳು ಗುಂಡಿಯನ್ನೇ ಇಟ್ಟರು, ಈಗಲೂ ಇಡುವವರಿದ್ದಾರೆ. ಹಾಗಾಗಿ ಗುಂಡಿ ಇದೆ ಅಂದ ಮಾತ್ರಕ್ಕೆ ಹಳೆಯದು ಅನ್ನಲಾಗದು. ನೈಲಾನ್ ಜಿಪ್ ಬಳಕೆಗೆ ಬಂದದ್ದು 40ರ ದಶಕದ ನಂತರ, ಹಾಗಾಗಿ ಅದಿದ್ದರೆ ಮಾತ್ರ ಅನುಮಾನ ಪಡಿ. ಆಗಲೂ ಪಕ್ಕದಲ್ಲಿ ಹಳೇ ಸೂಜಿತೂತು ಇದೆಯಾ, ದಾರದ ಬಣ್ಣ ಬೇರೆಯಾ ನೋಡಿ, ಕೆಟ್ಟ ಜಿಪ್ ತೆಗೆದು ಬೇರೆ ಹಾಕಿಸಿರಬಹುದು. ಲೈನಿಂಗೂ ಹಾಗೇ, ಬದಲಾಗಿರುತ್ತದೆ.

ನಿಮ್ಮ ಸೂಟಿನ ಎರಡೂ ಒಳಜೇಬು ಮಗುಚಿ, ಪ್ಯಾಂಟಿನ ಜಿಪ್ ತೆರೆದು ಫೋಟೋ ಹಾಕಿ. ಲ್ಯಾಪೆಲ್ ಫೋಟೋ ಬೇಡ.