ಆಪ್ತಸಲಹೆ: ಸ್ಕ್ಯಾನಿನಲ್ಲಿ ಕಾಣದ ನೋವು

ಪ್ರಶ್ನೆ: ನನಗೆ 43 ವರ್ಷ. ಪತಿ, ಅತ್ತೆ ಹಾಗೂ ಇಬ್ಬರು ಮಕ್ಕಳೊಂದಿಗೆ ಇದ್ದೇನೆ. ನಾಲ್ಕು ವರ್ಷಗಳಿಂದ ಕುತ್ತಿಗೆ, ಭುಜ, ಸೊಂಟ, ಕಾಲುಗಳಲ್ಲಿ ನೋವು. ನಿದ್ದೆ ಮಾಡಿ ಎದ್ದರೂ ದಣಿವು ಹೋಗುವುದಿಲ್ಲ. ರಕ್ತಪರೀಕ್ಷೆ, ಎಂಆರ್‌ಐ ಎಲ್ಲವೂ ಸರಿಯಾಗಿವೆ. ತಜ್ಞರು ಫೈಬ್ರೊಮಯಾಲ್ಜಿಯಾ ಎಂದು ಹೇಳಿ ರಾತ್ರಿಗೆ ಅಮಿಟ್ರಿಪ್ಟಿಲಿನ್ ಮಾತ್ರೆ ಬರೆದುಕೊಟ್ಟರು. ಅದು ಖಿನ್ನತೆಯ ಮಾತ್ರೆಯೆಂದು ತಿಳಿದ ಮೇಲೆ ನಿಲ್ಲಿಸಿಬಿಟ್ಟೆ. ‘ಎಲ್ಲಾ ನಾರ್ಮಲ್ ಇದೆಯಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡ’ ಎಂದು ಮನೆಯವರು ಹೇಳಿದಾಗ ಅಳು ಬರುತ್ತದೆ. ಮಕ್ಕಳ ಮೇಲೆ ರೇಗಿ, ಆಮೇಲೆ ಕೊರಗುತ್ತೇನೆ. ವರಮಹಾಲಕ್ಷ್ಮಿ ಹಬ್ಬದಲ್ಲಿ ಎಲ್ಲವನ್ನೂ ನಾನೇ ಮಾಡಿ ನಾಲ್ಕು ದಿನ ಹಾಸಿಗೆ ಹಿಡಿದೆ. ಒಮ್ಮೊಮ್ಮೆ ಹೀಗೆ ಬದುಕಿ ಏನು ಪ್ರಯೋಜನ ಎನಿಸುತ್ತದೆ. ನನ್ನ ನೋವು ಮನಸ್ಸಿನದೇ?
– ಓದುಗರು, ರಾಜಾಜಿನಗರ

ಉತ್ತರ: ಬದುಕಿನ ಬಗ್ಗೆ ನೀವು ಬರೆದ ಮಾತಿನಿಂದಲೇ ಆರಂಭಿಸುತ್ತೇನೆ. ಅದನ್ನು ಪತಿಗೂ ವೈದ್ಯರಿಗೂ ನಮಗೆ ಬರೆದಷ್ಟೇ ನೇರವಾಗಿ ತಿಳಿಸಿ. ಆ ಯೋಚನೆ ಕಾಡಿದಾಗ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು, ಶುಲ್ಕವಿಲ್ಲ. ಹೊಸೂರು ರಸ್ತೆಯ ನಿಮ್ಹಾನ್ಸ್‌ನ ತುರ್ತು ಚಿಕಿತ್ಸಾ ವಿಭಾಗವೂ ಹಗಲು ರಾತ್ರಿ ತೆರೆದಿರುತ್ತದೆ.

ಇನ್ನು ನಿಮ್ಮ ಪ್ರಶ್ನೆ. ಎಂಆರ್‌ಐಯಲ್ಲಿ ಮೂಳೆ, ಡಿಸ್ಕ್, ನರಗಳ ರಚನೆ ಕಾಣುತ್ತದೆಯೇ ಹೊರತು ಮಿದುಳು ಮತ್ತು ಬೆನ್ನುಹುರಿ ನೋವಿನ ಸಂಕೇತಗಳನ್ನು ಎಷ್ಟು ಹಿಗ್ಗಿಸುತ್ತಿವೆ ಎಂಬುದು ಕಾಣುವುದಿಲ್ಲ. ಫೈಬ್ರೊಮಯಾಲ್ಜಿಯಾದಲ್ಲಿ ಆಗುವುದು ಮುಖ್ಯವಾಗಿ ಈ ಹಿಗ್ಗುವಿಕೆಯೇ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣವು ಮೂರು ತಿಂಗಳಿಗೂ ಹೆಚ್ಚು ಕಾಲ ಉಳಿಯುವ ಇಂತಹ ನೋವಿಗೆ ಪ್ರತ್ಯೇಕ ಸ್ಥಾನವನ್ನೇ ಕೊಟ್ಟಿದೆ. ನೋವೆಂದರೆ ಇಂದ್ರಿಯಗಳ ಅನುಭವವೂ ಹೌದು, ಭಾವನೆಯ ಅನುಭವವೂ ಹೌದು ಎಂದು ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘವು 1979ರಲ್ಲೇ ವ್ಯಾಖ್ಯಾನಿಸಿತ್ತು. ಆದ್ದರಿಂದ ನಿಮ್ಮ ನೋವು ನಿಜವೂ ಹೌದು, ಅದು ಮನಸ್ಸನ್ನು ಹಿಂಡುತ್ತಿರುವುದೂ ನಿಜ.

ಮಾತ್ರೆಯ ಬಗ್ಗೆ ನಿಮಗೆ ಯಾರೂ ಬಿಡಿಸಿ ಹೇಳಿದಂತಿಲ್ಲ. ಅಮಿಟ್ರಿಪ್ಟಿಲಿನ್ ಖಿನ್ನತೆಗೆ ಬಂದ ಔಷಧಿಯೇ. ಆದರೆ ನೋವಿಗೆ ಅದನ್ನು ಸಾಮಾನ್ಯವಾಗಿ 10 ಮಿಲಿಗ್ರಾಂನಂತಹ ಸಣ್ಣ ಪ್ರಮಾಣದಲ್ಲಿ ಆರಂಭಿಸುತ್ತಾರೆ. ನೋವನ್ನು ತಗ್ಗಿಸಲು ಮಿದುಳಿನಿಂದ ಕೆಳಗಿಳಿಯುವ ನರಮಾರ್ಗಗಳಿಗೆ ಅದು ಬಲ ಕೊಡುತ್ತದೆ, ನಿದ್ದೆಗೂ ನೆರವಾಗುತ್ತದೆ. ಬಾಯಿ ಒಣಗುವುದು, ಬೆಳಿಗ್ಗೆ ಮಂಪರು ಇರುವುದು ಉಂಟು. ಮತ್ತೆ ಆರಂಭಿಸಬೇಕೇ ಎಂಬುದನ್ನು ಅದನ್ನು ಬರೆದ ವೈದ್ಯರೊಂದಿಗೇ ತೀರ್ಮಾನಿಸಿ, ಮತ್ತು ಆ ಭೇಟಿಗೆ ಪತಿಯನ್ನು ತಪ್ಪದೆ ಕರೆದೊಯ್ಯಿರಿ. ಇದೇ ವಿವರಣೆಯನ್ನು ನೀವು ಹತ್ತು ಸಲ ಕೊಡುವುದಕ್ಕಿಂತ ವೈದ್ಯರು ಒಮ್ಮೆ ಕೊಟ್ಟರೆ ಮನೆಯಲ್ಲಿ ಅದರ ತೂಕವೇ ಬೇರೆ. ಇದು ಬೇಸರದ ಸಂಗತಿ, ಆದರೆ ವಾಸ್ತವ.

ನಿಮ್ಮ ಅಳುವಿನಲ್ಲಿ ನನಗೆ ಕಾಣುವುದು ಶೋಕ. ನಾಲ್ಕು ವರ್ಷಗಳ ಹಿಂದೆ ಮನೆಯನ್ನೆಲ್ಲ ಒಬ್ಬಳೇ ನಿಭಾಯಿಸುತ್ತಿದ್ದ ಹೆಂಗಸನ್ನು ನೀವು ಕಳೆದುಕೊಂಡಿದ್ದೀರಿ. ಸಾವಿನ ಮನೆಗಾದರೆ ಜನ ಬಂದು ಕೂರುತ್ತಾರೆ. ಈ ನಷ್ಟಕ್ಕೆ ಯಾರೂ ಬರುವುದಿಲ್ಲ, ಬದಲಿಗೆ ‘ಹಚ್ಚಿಕೊಳ್ಳಬೇಡ’ ಎಂದು ಗಾಯದ ಮೇಲೆ ಬರೆ ಎಳೆಯುತ್ತಾರೆ. ಹಬ್ಬದ ದಿನ ನೀವು ಆ ಹಳೆಯ ಹೆಂಗಸೇ ಆಗಲು ಹೊರಟಿರಿ. ನೋವು ಕಡಿಮೆಯಿದ್ದ ದಿನ ಎಲ್ಲವನ್ನೂ ಮುಗಿಸಿ, ಮರುದಿನದಿಂದ ಮಲಗಿ, ಮಲಗಿದ್ದಕ್ಕೆ ಕೊರಗಿ, ಎದ್ದ ಕೂಡಲೇ ಮತ್ತೆ ಹೆಚ್ಚು ದುಡಿಯುವ ಈ ಸುತ್ತು ದೇಹವನ್ನೂ ಮನಸ್ಸನ್ನೂ ಒಟ್ಟಿಗೆ ಸವೆಸುತ್ತದೆ. ಆದ್ದರಿಂದ ಕೆಲಸವನ್ನು ನೋವು ಬಂದಾಗ ನಿಲ್ಲಿಸುವ ಬದಲು ಗಡಿಯಾರ ನೋಡಿ ನಿಲ್ಲಿಸಿ: ಹದಿನೈದು ನಿಮಿಷ ಕೆಲಸ, ಆಮೇಲೆ ಕುಳಿತುಕೊಳ್ಳುವುದು, ಹುರುಪಿದ್ದ ದಿನವೂ ಅಷ್ಟೇ. ನಡಿಗೆಯನ್ನೂ ಹೀಗೆಯೇ ಐದು ನಿಮಿಷದಿಂದ ಆರಂಭಿಸಿ ವಾರವಾರ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ಮಲ್ಲೇಶ್ವರದ ಅಂಗಡಿಯಿಂದ ತಂದ ಒಬ್ಬಟ್ಟಿಗೆ ಲಕ್ಷ್ಮಿ ಮುನಿಸಿಕೊಂಡದ್ದನ್ನು ನಾನಂತೂ ಕೇಳಿಲ್ಲ. ಅತ್ತೆಯವರು ಏನೆನ್ನುತ್ತಾರೋ, ಅದು ಬೇರೆ ಮಾತು.

ಮಕ್ಕಳಿಗೆ ರೇಗಿದ ಮೇಲೆ ಸಮಜಾಯಿಷಿ ಕೊಡುವ ಬದಲು ಮೊದಲೇ ಹೇಳಿಬಿಡಿ: ‘ಇವತ್ತು ನೋವು ಜಾಸ್ತಿಯಿದೆ, ನಾನು ಸಿಡುಕಿದರೆ ಅದು ನಿಮ್ಮ ತಪ್ಪಲ್ಲ.’ ದೀರ್ಘಕಾಲದ ನೋವಿನ ಅನುಭವವಿರುವ ಮನಶ್ಶಾಸ್ತ್ರಜ್ಞರೊಂದಿಗೆ ಕೆಲವು ಭೇಟಿಗಳೂ ನಿಮಗೆ ಉಪಯುಕ್ತವಾಗುತ್ತವೆ. ನೋವು ಪೂರ್ತಿ ಹೋಗುತ್ತದೆಂದು ನಾನು ಭರವಸೆ ಕೊಡಲಾರೆ, ಆದರೆ ಅದರ ಸುತ್ತ ಬೆಳೆದಿರುವ ಭಯ ಮತ್ತು ಕೊರಗು ಸಾಕಷ್ಟು ಇಳಿಯಬಲ್ಲವು.

ಪ್ರಶ್ನೆ: ನನ್ನ ತಾಯಿಗೆ 68 ವರ್ಷ, ಬಹುಕಾಲದಿಂದ ಸಂಧಿವಾತ. ‘ನೋವು ಹೇಗಿದೆ ಅಮ್ಮ’ ಎಂದು ದಿನವೂ ಕೇಳಿದರೆ ಸಿಟ್ಟಾಗುತ್ತಾರೆ, ಕೇಳದಿದ್ದರೆ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಏನು ಮಾಡಲಿ?
– ಓದುಗರು, ಬಸವನಗುಡಿ

ಉತ್ತರ: ದಿನಕ್ಕೊಮ್ಮೆ ಕೇಳಿ, ಉತ್ತರ ಮುಗಿಯುವವರೆಗೆ ಕೂತು ಕೇಳಿಸಿಕೊಳ್ಳಿ, ಆಮೇಲೆ ಬೇರೆ ಮಾತಿಗೆ ಹೊರಳಿ. ಸಹಾಯದ ಹೆಸರಿನಲ್ಲಿ ಅವರ ಕೈಯಿಂದ ಎಲ್ಲ ಕೆಲಸ ಕಿತ್ತುಕೊಳ್ಳಬೇಡಿ. ಸೊಪ್ಪು ಬಿಡಿಸುವುದು, ಹೂ ಕಟ್ಟುವುದು ಬೆರಳುಗಳಿಗೆ ಆಗುವಷ್ಟು ಅವರಲ್ಲೇ ಇರಲಿ. ಸಿಡುಕು ಇತ್ತೀಚೆಗೆ ಹೆಚ್ಚಾಗಿದ್ದರೆ ಬೆಳಗಿನ ಬಿಗಿತ, ಕೀಲುಗಳ ಊತವೂ ಹೆಚ್ಚಾಗಿದೆಯೇ ಎಂದು ಗಮನಿಸಿ ವೈದ್ಯರಿಗೆ ತಿಳಿಸಿ, ಏಕೆಂದರೆ ಔಷಧಿಯನ್ನೇ ಬದಲಿಸಬೇಕಾದ ಸಮಯ ಬಂದಿರಬಹುದು.