ಪೋರ್ಷೆ ಮಾರುವಾಗ: ಶೋರೂಮ್ ಎಕ್ಸ್‌ಚೇಂಜೋ, ನೇರ ಮಾರಾಟವೋ?

ಪ್ರಶ್ನೆ: ನಮಸ್ಕಾರ ಸರ್. ನಾವು ಕುಂದಾಪುರದ ಕಡೆಯವರು. ಥಾಣೆಯಲ್ಲಿ ಹೋಟೆಲ್ ಇದೆ. ನನ್ನ ಹತ್ತಿರ 2018ರ ಪೋರ್ಷೆ 718 ಕೇಮನ್ ಇದೆ, 31,000 ಕಿ.ಮೀ. ಓಡಿದೆ, ಮೊದಲ ಮಾಲೀಕ ನಾನೇ. ಎರಡು ಸೀಟಿನ ಗಾಡಿ ಈಗ ಮನೆಗೆ ಸಾಲುತ್ತಿಲ್ಲ. ಹೊಸ ಎಸ್‌ಯುವಿ ನೋಡಿದ ಶೋರೂಮ್‌ನವರು ಎಕ್ಸ್‌ಚೇಂಜ್‌ಗೆ 58 ಲಕ್ಷ ಹೇಳಿದ್ದಾರೆ. ಬೆಂಗಳೂರಿನವರೊಬ್ಬರು ನೇರವಾಗಿ 66 ಲಕ್ಷ ಕೊಡುತ್ತಾರಂತೆ. ಆದರೆ 'ಗಾಡಿ ಈಗಲೇ ಕೊಡಿ, ಆರ್‌ಸಿ ಟ್ರಾನ್ಸ್‌ಫರ್ ನಿಧಾನವಾಗಿ ಮಾಡಿಸಿಕೊಳ್ತೀನಿ' ಅನ್ನುತ್ತಿದ್ದಾರೆ. ಬ್ಯಾಂಕ್ ಸಾಲ ಕಳೆದ ವರ್ಷವೇ ತೀರಿದೆ. ಏನು ಮಾಡಲಿ?

ಉತ್ತರ: ನಮಸ್ಕಾರ. 8 ಲಕ್ಷ ಸಣ್ಣ ಮೊತ್ತ ಅಲ್ಲ, ನೇರ ಮಾರಾಟದ ಕಡೆ ನಿಮ್ಮ ಮನಸ್ಸು ವಾಲಿದ್ದು ಸರಿಯೇ. ನನಗೆ ಭಯ ಇರುವುದು ಬೆಂಗಳೂರಿನವರ ಆ 'ನಿಧಾನವಾಗಿ' ಅನ್ನುವ ಮಾತಿನ ಬಗ್ಗೆ. ಅದಕ್ಕೆ ಮಾತ್ರ ಒಪ್ಪಬೇಡಿ.

ಅವರು ಯಾಕೆ ಹಾಗೆ ಹೇಳುತ್ತಿದ್ದಾರೆ ಅಂತ ಮೊದಲು ನೋಡೋಣ. ನಿಮ್ಮ ಗಾಡಿಯ ಒಂದು ಬಾರಿಯ ತೆರಿಗೆ ಮಹಾರಾಷ್ಟ್ರಕ್ಕೆ ಹೋಗಿದೆ. ಗಾಡಿ ಕರ್ನಾಟಕದಲ್ಲಿ ನೆಲೆ ನಿಂತರೆ ಅಲ್ಲಿ ಮತ್ತೆ ಜೀವಾವಧಿ ತೆರಿಗೆ ಕಟ್ಟಬೇಕು. 20 ಲಕ್ಷ ದಾಟಿದ ಕಾರಿಗೆ ಅಲ್ಲಿನ ದರ 18%, ಅದರ ಮೇಲೆ ಸೆಸ್ ಬೇರೆ. ಗಾಡಿ ಹಳೆಯದಾದಂತೆ ಮೊತ್ತ ಇಳಿಯುತ್ತದೆ, ಆದರೂ ಪೋರ್ಷೆಗೆ ಲಕ್ಷಗಟ್ಟಲೆ ಬರುತ್ತದೆ. ಮಹಾರಾಷ್ಟ್ರದಲ್ಲಿ ಈ ತೆರಿಗೆಗೆ ಒಂದು ಮಿತಿ ಇದೆ. ಮೊದಲು 20 ಲಕ್ಷ ಇತ್ತು, 2025ರ ಜುಲೈನಿಂದ 30 ಲಕ್ಷ. ಕರ್ನಾಟಕದಲ್ಲಿ ಅಂಥ ಮಿತಿ ಇಲ್ಲ. ಅದಕ್ಕೇ ಕೆಲವರು ಎಂಎಚ್ ನಂಬರ್‌ನಲ್ಲೇ ಬೆಂಗಳೂರಿನಲ್ಲಿ ವರ್ಷಗಟ್ಟಲೆ ಓಡಿಸುತ್ತಾರೆ. 2025ರ ಫೆಬ್ರವರಿಯಲ್ಲಿ ಅಲ್ಲಿನ ಸಾರಿಗೆ ಇಲಾಖೆ ಇಂಥ ದುಬಾರಿ ಕಾರುಗಳನ್ನು ಸಾಲಾಗಿ ಹಿಡಿಯಿತು. ಅದೇ ವರ್ಷದ ಜುಲೈನಲ್ಲಿ ಮಹಾರಾಷ್ಟ್ರ ನೋಂದಣಿಯ ಒಂದು ಫೆರಾರಿ ಸಿಕ್ಕಿಬಿದ್ದು, ಸುಮಾರು 1.4 ಕೋಟಿ ತೆರಿಗೆ ಕಟ್ಟಬೇಕಾಯಿತು.

ಗಾಡಿ ಹಾಗೆ ಓಡಾಡುವಾಗ ಆರ್‌ಸಿಯಲ್ಲಿ ಇರುವುದು ನಿಮ್ಮ ಹೆಸರು. ಚಲನ್ ಬರುವುದು ನಿಮ್ಮ ಮೊಬೈಲಿಗೆ. ಅದನ್ನಾದರೂ ಕಟ್ಟಿ ಸುಮ್ಮನಿರಬಹುದು. ಅಪಘಾತವಾದರೆ? 2018ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಇಂಥದೇ ಪ್ರಕರಣ ಬಂದಿತ್ತು. ಕಾರು ಒಬ್ಬರಿಂದ ಇನ್ನೊಬ್ಬರಿಗೆ, ಹೀಗೆ ಹಲವು ಕೈ ದಾಟಿತ್ತು, ಆರ್‌ಸಿ ಮಾತ್ರ ಮೊದಲಿನವರ ಹೆಸರಲ್ಲೇ ಉಳಿದಿತ್ತು. ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆ ಅವರದೇ ಅಂತ ಕೋರ್ಟ್ ಹೇಳಿತು. 'ನಾನು ಯಾವಾಗಲೋ ಮಾರಿದ್ದೆ' ಅನ್ನುವ ಮಾತು ನಡೆಯಲಿಲ್ಲ. ಇಂಥ ಗಾಡಿ ಕಾಲಿನ ಒಂದು ಒತ್ತಿಗೆ ಎಲ್ಲಿಗೋ ಹಾರುತ್ತದೆ. ಅಪರಿಚಿತರ ಕೈಯಲ್ಲಿ ಅದು ನಿಮ್ಮ ಹೆಸರಲ್ಲಿ ಇರಬಾರದು.

ನಾನೂ ಒಮ್ಮೆ ಈ ವಿಷಯದಲ್ಲಿ ಪೆಟ್ಟು ತಿಂದಿದ್ದೇನೆ. ವರ್ಷಗಳ ಹಿಂದೆ ನನ್ನದೇ ಕಾರನ್ನು ಒಬ್ಬ ಬ್ರೋಕರ್‌ಗೆ ಕೊಟ್ಟು, ಖಾಲಿ ಫಾರ್ಮ್‌ಗೆ ಸಹಿ ಹಾಕಿ ಬಂದೆ. ಹನ್ನೊಂದು ತಿಂಗಳ ನಂತರ ಪೊಲೀಸ್ ಠಾಣೆಯಿಂದ ಫೋನ್. ಗಾಡಿ ಯಾರ ಹತ್ತಿರ ಇದೆ ಅಂತ ಬ್ರೋಕರ್‌ಗೂ ಗೊತ್ತಿರಲಿಲ್ಲ. ಪತ್ತೆ ಹಚ್ಚಲು ಎರಡು ತಿಂಗಳು ಅಲೆದೆ. ಅವತ್ತಿನಿಂದ ಖಾಲಿ ಫಾರ್ಮ್‌ಗೆ ಸಹಿ ಹಾಕುವವರನ್ನು ಕಂಡರೆ ಕೈ ಹಿಡಿದು ತಡೆಯುತ್ತೇನೆ.

ಈಗ ಕೆಲಸದ ಮಾತು. ಸಾಲ ತೀರಿದೆ ಅಂದಿರಿ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ತೆಗೆಸಿದ್ದೀರಾ? ಬಹಳ ಜನ ಇದನ್ನು ಮರೆಯುತ್ತಾರೆ. ಕಂತು ಮುಗಿದ ಮಾತ್ರಕ್ಕೆ ಅದು ತಾನಾಗಿ ಹೋಗಿರುತ್ತದೆ ಅಂದುಕೊಳ್ಳಬೇಡಿ. ಬ್ಯಾಂಕಿನಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ಫಾರ್ಮ್ 35 ತಂದು ಆರ್‌ಟಿಒದಲ್ಲಿ ಎಚ್‌ಪಿ, ಅಂದರೆ ಆ ಸಾಲದ ನಮೂದು, ತೆಗೆಸಿ. ನಿಮ್ಮ ಗಾಡಿ 2019ರ ಏಪ್ರಿಲ್‌ಗಿಂತ ಹಿಂದಿನದು, ಆದ್ದರಿಂದ ಎಚ್‌ಎಸ್‌ಆರ್‌ಪಿ ಅನ್ನುವ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್ ಕೂಡ ಹಾಕಿಸಿರಬೇಕು. ಬಾಕಿ ಚಲನ್‌ಗಳನ್ನು ಕಟ್ಟಿಬಿಡಿ, ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ ಕ್ಯಾಮೆರಾದ್ದು ಒಂದೆರಡು ಇದ್ದೇ ಇರುತ್ತದೆ. ಗಿರಾಕಿ ಹುಡುಕುವ ಮೊದಲೇ ಇಷ್ಟು ಆಗಿರಲಿ. ಪೇಪರ್ ರೆಡಿ ಇರುವ ಗಾಡಿಗೆ ಚೌಕಾಸಿ ಕಡಿಮೆ.

ಬೆಂಗಳೂರಿನವರಿಗೆ ಹೀಗೆ ಹೇಳಿ ನೋಡಿ: 'ಟೋಕನ್ ಕೊಡಿ, ನಾನು ಥಾಣೆ ಆರ್‌ಟಿಒದಿಂದ ಗಾಡಿ ಹೊರರಾಜ್ಯಕ್ಕೆ ಹೋಗಲು ಫಾರ್ಮ್ 28ರ ಎನ್‌ಒಸಿ ತೆಗೆಸುತ್ತೇನೆ. ಅದು ಕೈಗೆ ಬಂದ ದಿನ ಪೂರ್ತಿ ಹಣ, ಅದೇ ದಿನ ಗಾಡಿ.' ಮಾರಾಟವಾದ 30 ದಿನದೊಳಗೆ ಕೊಂಡವರು ಟ್ರಾನ್ಸ್‌ಫರ್‌ಗೆ ಅರ್ಜಿ ಹಾಕಬೇಕು. ಮಾರಿದವರಿಗೂ ಆರ್‌ಟಿಒಗೆ ತಿಳಿಸಲು ಗಡುವು ಇದೆ. ಅದೇ ರಾಜ್ಯದೊಳಗಾದರೆ 14 ದಿನ, ಹೊರರಾಜ್ಯವಾದರೆ 45 ದಿನ. ನಿಜವಾದ ಗಿರಾಕಿ ಇದಕ್ಕೆ ಒಪ್ಪುತ್ತಾರೆ. ತೆರಿಗೆಯ ಲೆಕ್ಕ ಹಾಕಿ 66 ಅನ್ನು 61ಕ್ಕೆ ಇಳಿಸಿದರೆ ಬೇಸರ ಬೇಡ, ಅವರ ನಿಜವಾದ ರೇಟು ಅಷ್ಟೇ ಇತ್ತು ಅಂತ ಆಯಿತು.

ನನ್ನ ಸಲಹೆ ಕೇಳಿದರೆ, ಮುಂಬೈ ಅಥವಾ ಪುಣೆಯಲ್ಲೇ ಗಿರಾಕಿ ಹುಡುಕಿ. ಥಾಣೆಯ ಎಂಎಚ್ 04 ನಂಬರಿನ ಗಾಡಿ ಎಂಎಚ್ 12ರ ಪುಣೆಗೆ ಹೋದರೆ ಹೊಸ ತೆರಿಗೆಯೂ ಇಲ್ಲ, ಹೊಸ ನಂಬರೂ ಇಲ್ಲ. ಹೆಸರು ಬದಲಾವಣೆಯ ಫಾರ್ಮ್ 29, ಫಾರ್ಮ್ 30 ಸಲ್ಲಿಸಿದರೆ ಮುಖ್ಯ ಕೆಲಸ ಆಯಿತು. ಆ ಉಳಿತಾಯ ನಿಮ್ಮ ಬೆಲೆಗೇ ಸೇರುತ್ತದೆ.

ಬೆಲೆ ಏರಿಸಲು ಪಾಲಿಶ್‌ಗೆ ಸಾವಿರಗಟ್ಟಲೆ ಸುರಿಯಬೇಡಿ. ಪೋರ್ಷೆ ಕೊಳ್ಳುವವರು ನೋಡುವುದೇ ಬೇರೆ. ಮೊದಲು ಸರ್ವಿಸ್ ಬಿಲ್‌ಗಳು, ಒಂದೂ ವರ್ಷ ಬಿಡದೆ. ಆಮೇಲೆ ಟೈರ್. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 2318 ಅಂದರೆ 2018ರ 23ನೇ ವಾರ ತಯಾರಾದದ್ದು. ಕಡಿಮೆ ಓಡಿದ ಗಾಡಿಯಲ್ಲಿ ಟೈರಿನ ಗೀರು ಸವೆಯದೆ ಚೆನ್ನಾಗಿದ್ದರೂ ರಬ್ಬರ್ ಗಟ್ಟಿಯಾಗಿರುತ್ತದೆ. ಪೋರ್ಷೆ ಒಪ್ಪಿದ ಟೈರ್ ಮೇಲೆ ಎನ್ ಅಕ್ಷರದ ಗುರುತು ಇರುತ್ತದೆ, ತಿಳಿದವರು ಬಗ್ಗಿ ಅದನ್ನೇ ಹುಡುಕುತ್ತಾರೆ. ಎಂಜಿನ್ ಕಂಪ್ಯೂಟರ್‌ನಿಂದ ಓವರ್‌ರೆವ್ ರಿಪೋರ್ಟ್ ತೆಗೆಯಬಹುದು. ಎಂಜಿನ್ ಅನ್ನು ಮಿತಿ ಮೀರಿ ಎಷ್ಟು ಸಲ ತಿರುಗಿಸಿದ್ದಾರೆ ಅಂತ ಅದರಲ್ಲಿ ದಾಖಲಾಗಿರುತ್ತದೆ. ನೀವೇ ಮುಂದಾಗಿ ಸರ್ವಿಸ್ ಸೆಂಟರ್‌ನಲ್ಲಿ ಪೂರ್ತಿ ತಪಾಸಣೆ ಮಾಡಿಸಿ, ರಿಪೋರ್ಟನ್ನು ಗಿರಾಕಿಯ ಮುಂದೆ ಇಡಿ. ಬಂಪರ್‌ಗೆ ಪೇಂಟ್ ಆಗಿದ್ದರೆ ಅದನ್ನೂ ಹೇಳಿ. ಪೇಂಟ್ ಮೀಟರ್ ಹಿಡಿದರೆ ಹೇಗೂ ಗೊತ್ತಾಗುತ್ತದೆ. ಮೊದಲೇ ಹೇಳಿದವರ ಉಳಿದ ಮಾತನ್ನೂ ನಂಬುತ್ತಾರೆ, ಅಲ್ವಾ?

ಇನ್ನೊಂದು. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಜಿಎಸ್‌ಟಿ 40% ಆಯಿತು. ಅದಕ್ಕೂ ಮೊದಲು ಸೆಸ್ ಸೇರಿ 48ರಿಂದ 50% ಇತ್ತು. ಹೊಸದರ ಬೆಲೆ ಇಳಿದಾಗ ಹಳೆಯದರದ್ದೂ ಜೊತೆಗೇ ಇಳಿಯುತ್ತದೆ. ಗೆಳೆಯರು ಅದಕ್ಕಿಂತ ಮೊದಲು ಮಾರಿದ ರೇಟನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಕೂರಬೇಡಿ. ಮಳೆಗಾಲದಲ್ಲೂ ಮಾರಲು ಹೋಗಬೇಡಿ. ನೆಲಕ್ಕೆ ತಾಗುವಂಥ ಗಾಡಿಯನ್ನು ಮುಂಬೈ ಮಳೆಯಲ್ಲಿ ಯಾರೂ ಹೊರಗೆ ತೆಗೆಯುವುದಿಲ್ಲ. ನವರಾತ್ರಿಯಿಂದ ದೀಪಾವಳಿವರೆಗೆ ಒಳ್ಳೆಯ ಕಾಲ. ಜನವರಿ ಬಂದರೆ ಲೆಕ್ಕದಲ್ಲಿ ಗಾಡಿಗೆ ಇನ್ನೊಂದು ವರ್ಷ ವಯಸ್ಸಾಗಿರುತ್ತದೆ.

ಹಣದ ವಿಷಯದಲ್ಲಿ ಮಾತು ಒಂದೇ: ಆರ್‌ಟಿಜಿಎಸ್. ಹಣ ಬಂದಿದೆಯಾ ಅಂತ ನಿಮ್ಮ ಬ್ಯಾಂಕ್ ಖಾತೆ ತೆರೆದು ನೋಡಿ, ಅವರು ತೋರಿಸುವ ಸ್ಕ್ರೀನ್‌ಶಾಟ್ ಅಲ್ಲ. 'ಹತ್ತು ಲಕ್ಷ ಕ್ಯಾಶ್ ಕೊಡ್ತೀನಿ' ಅಂದರೆ ಬೇಡ ಅನ್ನಿ. ಒಂದು ವ್ಯವಹಾರದಲ್ಲಿ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ, ಅದೂ ತೆಗೆದುಕೊಂಡವರಿಗೆ. ಗಾಡಿ ಕೊಡುವಾಗ ಡೆಲಿವರಿ ನೋಟ್ ಮಾಡಿ, ದಿನಾಂಕದ ಜೊತೆ ಗಂಟೆ ನಿಮಿಷ ಬರೆಯಿರಿ. ಫಾಸ್ಟ್ಯಾಗ್ ಅವತ್ತೇ ಬಂದ್ ಮಾಡಿಸಿ. ಸ್ವಂತ ಬಳಕೆಯ ಕಾರಾದ್ದರಿಂದ ಬಂದ ಹಣಕ್ಕೆ ಬಂಡವಾಳ ಲಾಭದ ತೆರಿಗೆ ಇಲ್ಲ.

ಕ್ಲೇಮ್ ಮಾಡದ ವರ್ಷಗಳಿಗೆ ವಿಮೆಯಲ್ಲಿ ಸಿಗುವ ನೋ ಕ್ಲೇಮ್ ಬೋನಸ್ ಗಾಡಿಯದ್ದಲ್ಲ, ನಿಮ್ಮದು. ವಿಮಾ ಕಂಪನಿಯಿಂದ ಅದರ ಪತ್ರ ಪಡೆಯಿರಿ. ಮೂರು ವರ್ಷದೊಳಗೆ ಹೊಸ ಎಸ್‌ಯುವಿಗೆ ಬಳಸಬಹುದು. ನಿಮ್ಮದು ಗರಿಷ್ಠ ಮಟ್ಟ ತಲುಪಿದ್ದರೆ ಓನ್ ಡ್ಯಾಮೇಜ್ (ನಿಮ್ಮದೇ ಗಾಡಿಯ ಹಾನಿಯ) ಪ್ರೀಮಿಯಂನಲ್ಲಿ 50% ಕಡಿತ ಸಿಗುತ್ತದೆ.

ಹಾಗಂತ ಶೋರೂಮಿನ 58 ಲಕ್ಷವನ್ನು ತಳ್ಳಿಹಾಕಬೇಡಿ. ಹೊಸ ಗಾಡಿಯ ಡಿಸ್ಕೌಂಟ್ ಎಷ್ಟು, ಹಳೆಯದಕ್ಕೆ ಎಷ್ಟು ಅಂತ ಬೇರೆ ಬೇರೆಯಾಗಿ ಬರೆದುಕೊಡಲು ಹೇಳಿ. ಎರಡನ್ನೂ ಕಲಸಿದರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಂಡದ್ದು ಕಾಣುವುದಿಲ್ಲ. ಡೀಲರ್‌ಗೆ ಆರ್‌ಟಿಒ ಅಧಿಕಾರ ಪತ್ರ ಇದೆಯಾ ಕೇಳಿ. 2023ರ ಏಪ್ರಿಲ್‌ನಿಂದ ಬಂದ ನಿಯಮದಲ್ಲಿ, ಅಂಥ ಡೀಲರ್‌ಗೆ ಗಾಡಿ ಕೊಟ್ಟು, ಹಾಗೆ ಒಪ್ಪಿಸಿದ್ದನ್ನು ಆರ್‌ಟಿಒಗೆ ತಿಳಿಸುವ ಫಾರ್ಮ್ 29ಸಿ ಸಲ್ಲಿಸಿದರೆ ಅಲ್ಲಿಂದ ಹೊಣೆ ಅವರದು. ಆ ನೆಮ್ಮದಿಗೂ ಒಂದು ಬೆಲೆ ಇದೆ. ಆರು ವಾರ ನೇರವಾಗಿ ಪ್ರಯತ್ನಿಸಿ. ಒಪ್ಪುವ ಗಿರಾಕಿ ಬರದಿದ್ದರೆ 60ಕ್ಕೆ ಏರಿಸಿ ಕೇಳಿ, ಶೋರೂಮಿಗೇ ಕೊಟ್ಟುಬಿಡಿ.

ಪ್ರಶ್ನೆ: ಪುಣೆಯ ಔಂಧ್‌ನಲ್ಲಿ ನಮ್ಮ ಸಣ್ಣ ಕಂಪನಿ. ಕಂಪನಿ ಹೆಸರಲ್ಲಿ ಒಂದು ಪೋರ್ಷೆ 911 ಇದೆ. ಪುಸ್ತಕದ ಬೆಲೆ ಈಗ 95 ಲಕ್ಷ, ಮಾರಿದರೆ 1 ಕೋಟಿ 20 ಲಕ್ಷ ಬರಬಹುದು. ಜಿಎಸ್‌ಟಿ ಕಟ್ಟಬೇಕಾ?

ಉತ್ತರ: ಕಂಪನಿ ಜಿಎಸ್‌ಟಿಯಲ್ಲಿ ನೋಂದಣಿಯಾಗಿದ್ದರೆ ಕಟ್ಟಬೇಕು, ಆದರೆ ಪೂರ್ತಿ ಬೆಲೆಯ ಮೇಲೆ ಅಲ್ಲ. ನೀವು ಸವಕಳಿ ಲೆಕ್ಕ ತೋರಿಸಿದ್ದೀರಿ, ಹಾಗಾಗಿ ಮಾರಿದ ಬೆಲೆಯಲ್ಲಿ ಸವಕಳಿ ಕಳೆದು ಉಳಿದ ಬೆಲೆ ತೆಗೆದರೆ ಬರುವ 25 ಲಕ್ಷದ ಮೇಲೆ ಮಾತ್ರ. 18% ಅಂದರೆ 4.5 ಲಕ್ಷ. ಕೊಳ್ಳುವಾಗ ಕಟ್ಟಿದ ಜಿಎಸ್‌ಟಿಯನ್ನು ಕ್ರೆಡಿಟ್ ಆಗಿ ಹಿಂಪಡೆದಿರಬಾರದು, ಅದು ಷರತ್ತು. ಈ ಲೆಕ್ಕಕ್ಕೆ ಹಿಡಿಯುವ 95 ಲಕ್ಷ ಆದಾಯ ತೆರಿಗೆ ಕಾಯ್ದೆಯ ಸವಕಳಿ ಪ್ರಕಾರ ಇರಬೇಕು. ಬ್ಯಾಲೆನ್ಸ್ ಶೀಟಿನ ಅಂಕಿ ಬೇರೆ ಇರಬಹುದು, ನಿಮ್ಮ ಸಿಎ ಹತ್ತಿರ ಇದೊಂದನ್ನು ಖಚಿತ ಮಾಡಿಕೊಳ್ಳಿ. ಬೆಲೆ ಮಾತಾಡುವಾಗಲೇ 'ಜಿಎಸ್‌ಟಿ ಸೇರಿಯೋ, ಬೇರೆಯೋ' ಅಂತ ಬಾಯಿಬಿಟ್ಟು ಹೇಳಿ. ಕಂಪನಿಯ ಗಾಡಿ ಆದ್ದರಿಂದ ಮಾರಲು ನಿರ್ದೇಶಕರ ಮಂಡಳಿಯ ಠರಾವು ಕೂಡ ಸಿದ್ಧ ಇಟ್ಟುಕೊಳ್ಳಿ.

ಪ್ರಶ್ನೆ: ಮಡಗಾಂವ್‌ನಲ್ಲಿ ಇದ್ದೇನೆ, ಫೋರ್ಡ್ ಮಸ್ಟಾಂಗ್ ಮಾರುತ್ತಿದ್ದೇನೆ. ಬಂದವರು ಒಬ್ಬರೇ ಓಡಿಸಿ ನೋಡ್ತೀವಿ ಅಂತಾರೆ. ಬೇಡ ಅಂದರೆ ಮುಖ ಸಿಂಡರಿಸುತ್ತಾರೆ. ಕೊಡಬಹುದಾ?

ಉತ್ತರ: ಕೊಡಬೇಡಿ. ಮೊದಲು ನೀವೇ ಓಡಿಸಿ, ಅವರನ್ನು ಪಕ್ಕದಲ್ಲಿ ಕೂರಿಸಿ. ಎಂಜಿನ್ ಬಿಸಿಯಾಗಲಿ, ಗೇರು ಬ್ರೇಕು ಅವರಿಗೆ ಅರ್ಥವಾಗಲಿ. ಬೆಲೆ ಬಗ್ಗೆ ಮಾತು ಒಂದು ಹಂತಕ್ಕೆ ಬಂದಿದ್ದರೆ, ಡ್ರೈವಿಂಗ್ ಲೈಸೆನ್ಸ್ ನೋಡಿ ಫೋಟೊ ತೆಗೆದುಕೊಂಡು, ನೀವು ಪಕ್ಕದಲ್ಲಿ ಕೂತು ಕೊಡಿ. ಲೈಸೆನ್ಸ್ ಇಲ್ಲದವರು ಗುದ್ದಿದರೆ ವಿಮೆ ಹಣ ಸಿಗುವುದಿಲ್ಲ. ಎರಡನೇ ಕೀ ಮನೆಯಲ್ಲೇ ಇರಲಿ. ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಕರೆಯಿರಿ, ರಸ್ತೆ ಖಾಲಿ ಇರುತ್ತದೆ. ಸುಮ್ನೆ ರೀಲ್ಸ್ ಮಾಡಲು ಬರುವವರು ಅಷ್ಟು ಹೊತ್ತಿಗೆ ಏಳುವುದಿಲ್ಲ.