ಸಂಬಳ ಇಳಿದದ್ದು ಅತ್ತೆಗೆ ಗೊತ್ತಿಲ್ಲ, ಸಾರು ನೀರಾದದ್ದು ಮಾತ್ರ ಗೊತ್ತು

ಪ್ರಶ್ನೆ: ನನಗೆ 33 ವರ್ಷ. ಬೆಂಗಳೂರಿನ ಲಗ್ಗೆರೆಯಲ್ಲಿ ಬಾಡಿಗೆ ಮನೆ. ಯಜಮಾನರು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಕೆಲಸ ಮಾಡುತ್ತಾರೆ. ನಾವಿಬ್ಬರು, ಇಬ್ಬರು ಮಕ್ಕಳು, ನಾಗಮಂಗಲ ಕಡೆಯ ನಮ್ಮ ಅತ್ತೆ. ನಾಲ್ಕು ತಿಂಗಳಿಂದ ಇವರಿಗೆ ಓಟಿ (ಓವರ್‌ಟೈಮ್) ನಿಂತಿದೆ. ಮೊದಲು ಅಡುಗೆ ಖರ್ಚಿಗೆ 9,000 ಕೊಡುತ್ತಿದ್ದರು, ಈಗ 6,000. ಹಾಲು, ಗ್ಯಾಸು ಎಲ್ಲ ಅದರಲ್ಲೇ. "ಅಮ್ಮನಿಗೆ ಬಿಪಿ ಇದೆ, ಹೇಳ್ಬೇಡ, ಕೊರಗ್ತಾಳೆ" ಎಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾರೆ. ನಾನು ಬೇಳೆ ಅರ್ಧ ಮಾಡಿದೆ. ಭಾನುವಾರದ ಮಟನ್ ನಿಲ್ಲಿಸಿದೆ. ಈಗ ಅತ್ತೆ ನಾದಿನಿಗೆ ಫೋನ್ ಮಾಡಿ, "ಮಗ ದುಡಿದು ತಂದು ಹಾಕ್ತಾನೆ, ಇವಳು ನೀರ್ ಸಾರು ಬಿಡ್ತಾಳೆ, ದುಡ್ಡೆಲ್ಲ ತವರಿಗೆ ಹೋಗ್ತಿರ್ಬೇಕು" ಅಂದದ್ದು ನನ್ನ ಕಿವಿಗೇ ಬಿತ್ತು. ರೇಷನ್ ಕಾರ್ಡಿನಲ್ಲಿ ಅವರೇ ಯಜಮಾನಿ, ಗೃಹಲಕ್ಷ್ಮಿಯ 2,000 ಅವರ ಖಾತೆಗೆ ಬರುತ್ತದೆ. ಕೇಳಲು ನನಗೆ ಬಾಯಿ ಬರುವುದಿಲ್ಲ. ಸೊಸೈಟಿ ಅಕ್ಕಿಯ ಅನ್ನ ಮನೆಯಲ್ಲಿ ಯಾರಿಗೂ ಸೇರುವುದಿಲ್ಲ, ಪ್ಲಾಸ್ಟಿಕ್ ಅಕ್ಕಿ ಬೆರೆಸಿದ್ದಾರೆ ಎಂದು ಅತ್ತೆ ಆರಿಸಿ ಎಸೆಯುತ್ತಾರೆ. ಉಳಿದದ್ದನ್ನು ಬೀದಿಯಲ್ಲಿ ಕೊಳ್ಳಲು ಬರುವವರಿಗೆ ಮಾರುತ್ತೇವೆ. ಮೊಬೈಲ್ ನೋಡಿ ವಾರದ ಅಡುಗೆ ಪಟ್ಟಿ ಮಾಡಿದೆ, ಬುಧವಾರಕ್ಕೇ ಕೈಕೊಟ್ಟಿತು. ಎಲ್ಲರಿಗೂ ಸಾಲಲಿ ಎಂದು ಎಷ್ಟೋ ದಿನ ರಾತ್ರಿ ಊಟ ಬಿಡುತ್ತೇನೆ. ಮೊನ್ನೆ ಬಸ್ಸಿನಲ್ಲಿ ತಲೆ ಸುತ್ತಿತು. ಅತ್ತೆಗೆ ನಿಜ ಹೇಳಿಬಿಡಲಾ? ಇಷ್ಟರಲ್ಲಿ ಏನು ಅಡುಗೆ ಮಾಡಲಿ?
– ಹೆಸರು ಬೇಡ, ಬೆಂಗಳೂರು

ಉತ್ತರ: ಅತ್ತೆ ವಿಷಯಕ್ಕೂ ಅಡುಗೆ ವಿಷಯಕ್ಕೂ ಬರುತ್ತೇನೆ. ಅದಕ್ಕೆ ಮೊದಲು ರಾತ್ರಿ ಊಟ ಬಿಡುವುದನ್ನು ನಿಲ್ಲಿಸಿ. ಇವತ್ತಿನಿಂದಲೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ರಕ್ತ ಕಡಿಮೆ. ತಲೆ ಸುತ್ತಲು ಬೇರೆ ಕಾರಣವೂ ಇರಬಹುದು, ನಾನು ಡಾಕ್ಟರಲ್ಲ. ಹತ್ತಿರದ ಸರ್ಕಾರಿ ‘ನಮ್ಮ ಕ್ಲಿನಿಕ್‌’ಗೋ ಆರೋಗ್ಯ ಕೇಂದ್ರಕ್ಕೋ ಹೋಗಿ ಹಿಮೋಗ್ಲೋಬಿನ್ ನೋಡಿಸಿ. ನೀವು ಒಂದು ಹೊತ್ತು ಉಪವಾಸ ಇದ್ದರೆ ಮನೆಗೆ ಉಳಿಯುವುದು ಒಂದು ಮುದ್ದೆ, ಎರಡು ಸೌಟು ಸಾರು. ಅದರಿಂದ ತಿಂಗಳ ಲೆಕ್ಕ ಸರಿಹೋಗುವುದಿಲ್ಲ. ಊಟದ ಜೊತೆಜೊತೆಗೇ ಟೀ ಕುಡಿಯುವ ಅಭ್ಯಾಸ ಇದ್ದರೆ ಅದನ್ನೂ ಒಂದು ಗಂಟೆ ಮುಂದಕ್ಕೆ ಹಾಕಿ. ಸೊಪ್ಪು, ಕಾಳಿನಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತದಂತೆ ಟೀ ತಡೆಯುತ್ತದೆ. ನಿಂಬೆಹಣ್ಣು ಹಿಂಡಿಕೊಂಡರೆ ಚೆನ್ನಾಗಿ ಹತ್ತುತ್ತದೆ.

ಈಗ ಗುಟ್ಟಿನ ಮಾತು. ಬಿಪಿ ಇರುವವರಿಗೆ ದುಡ್ಡಿನ ಕಷ್ಟ ಹೇಳಬಾರದು ಅನ್ನುವುದು ನಿಮ್ಮ ಯಜಮಾನರ ವಾದ. ಸರಿ. ಆದರೆ ಸೊಸೆ ದುಡ್ಡನ್ನೆಲ್ಲ ತವರಿಗೆ ಸಾಗಿಸುತ್ತಿದ್ದಾಳೆ ಅಂದುಕೊಂಡು ದಿನಾ ಒಳಗೊಳಗೇ ಕುದಿಯುತ್ತಿದ್ದರೆ ಬಿಪಿ ಇಳಿಯುತ್ತಾ? ನನಗೆ ಅನ್ನಿಸುವುದು ಇಷ್ಟು: ಅವರಿಗೆ ಅಮ್ಮನ ಎದುರು ಸಣ್ಣವರಾಗಲು ಇಷ್ಟವಿಲ್ಲ. ಅದರಲ್ಲಿ ಕೆಟ್ಟತನ ಏನೂ ಇಲ್ಲ, ದುಡಿಯುವ ಮಗನಿಗೆ ಅದು ಕಷ್ಟದ ಮಾತೇ. ಆದರೆ ಅವರ ಮರ್ಯಾದೆ ಉಳಿಸಲು ನಿಮ್ಮ ಮರ್ಯಾದೆ ಹೋಗುತ್ತಿದೆ. ಅದನ್ನು ಅವರು ನೋಡಿಯೇ ಇಲ್ಲ ಅಂತ ಕಾಣುತ್ತದೆ, ಯಾಕಂದರೆ ನಾದಿನಿಯ ಫೋನಿನ ಮಾತು ನೀವು ಅವರಿಗೆ ಹೇಳಿದ್ದೀರಾ ಇಲ್ಲವಾ ಎಂದು ಬರೆದಿಲ್ಲ. ಹೇಳಿ. ಅಳದೆ, ದೂರು ಹೇಳುವ ಹಾಗೆ ಅಲ್ಲದೆ, ಕೇಳಿಸಿಕೊಂಡದ್ದನ್ನು ಕೇಳಿಸಿಕೊಂಡ ಹಾಗೇ ಹೇಳಿ. ಆಮೇಲೆ, "ರೀ, ನಾನು ಆಣೆ ಮುರಿಯಲ್ಲ. ಅತ್ತೆಗೆ ನೀವೇ ಹೇಳಿ. ಓಟಿ ನಿಂತಿದೆ, ಕೆಲಸ ಹೋಗಿಲ್ಲ, ಎರಡೂ ಹೇಳಿ" ಅನ್ನಿ. ಆ ಎರಡನೇ ಮಾತು ಮುಖ್ಯ. ಅರ್ಧ ಸುದ್ದಿ ಕೇಳಿದರೆ ವಯಸ್ಸಾದವರು ಉಳಿದರ್ಧವನ್ನು ತಾವೇ ಊಹಿಸಿಕೊಂಡು ಹೆದರುತ್ತಾರೆ.

ಗೃಹಲಕ್ಷ್ಮಿ ದುಡ್ಡು ಕೇಳಬೇಡಿ. ವಿಷಯ ಗೊತ್ತಾದ ಮೇಲೆ ಅವರಾಗಿ ಕೊಟ್ಟರೆ ತೆಗೆದುಕೊಳ್ಳಿ. ಕೊಡದಿದ್ದರೆ ಅದು ಇಲ್ಲವೇ ಇಲ್ಲ ಅಂದುಕೊಂಡು ಸಂಸಾರ ನಡೆಸಿ. ನನ್ನದು ಅಂತ ಹೇಳಿಕೊಳ್ಳಲು ಆ ಹೆಂಗಸಿಗೆ ಅದೊಂದೇ ದುಡ್ಡು ಇರಬಹುದು. ಅದೂ ಅಲ್ಲದೆ ಆ ಕಂತು ಪ್ರತಿ ತಿಂಗಳೂ ಹೇಳಿದ ದಿನಕ್ಕೆ ಬರುವುದಿಲ್ಲ ಅಂತ ಇಡೀ ರಾಜ್ಯಕ್ಕೇ ಗೊತ್ತು. ಅದನ್ನು ನಂಬಿ ದಿನಸಿ ಬರೆಸಬೇಡಿ.

ಇನ್ನು ಒಲೆ ಮುಂದಿನ ವಿಷಯ. ಆ ವಾರದ ಪಟ್ಟಿ ಸೋತಿದ್ದರಲ್ಲಿ ನಿಮ್ಮ ಕೈಗುಣದ ತಪ್ಪಿಲ್ಲ. ಅದನ್ನು ಬರೆದವರು ನಿಮ್ಮ ಬೀದಿಯ ತರಕಾರಿ ಗಾಡಿ ನೋಡಿಲ್ಲ. ಬುಧವಾರ ಬೀನ್ಸ್ ಪಲ್ಯ ಅಂತ ಮೊದಲೇ ಬರೆದಿಟ್ಟುಕೊಂಡರೆ, ಆವತ್ತು ಬೀನ್ಸ್ ಎಷ್ಟೇ ಇರಲಿ, ಗಾಡಿಯವನು ಹೇಳಿದ್ದೇ ರೇಟು. ಇದನ್ನು ತಲೆಕೆಳಗು ಮಾಡಿ. ಯಾವುದು ಅಗ್ಗ ಇದೆಯೋ ಅದನ್ನು ತನ್ನಿ, ಅಡುಗೆಯ ಹೆಸರು ಆಮೇಲೆ ಇಡೋಣ. ಒಂದು ಕಾಳು ಅಥವಾ ಬೇಳೆ, ಒಂದು ಸೊಪ್ಪು ಅಥವಾ ತರಕಾರಿ, ಹುಳಿಗೆ ಏನಾದರೂ, ಮೇಲೊಂದು ಒಗ್ಗರಣೆ. ಇಷ್ಟಿದ್ದರೆ ಸಾರು ಆಯಿತು. ಯಾವ ಕಾಳು, ಯಾವ ಸೊಪ್ಪು ಅನ್ನುವುದನ್ನು ಆವತ್ತಿನ ರೇಟು ತೀರ್ಮಾನ ಮಾಡಲಿ. ಹುಳಿಗೆ ಟೊಮೇಟೊ ಮಾತ್ರ ಅಂತಲೂ ಇಲ್ಲ. 2023ರ ಜುಲೈಯಲ್ಲಿ ಟೊಮೇಟೊ ಕೇಜಿಗೆ ನೂರು ರೂಪಾಯಿ ದಾಟಿತ್ತಲ್ಲ, ಆಗ ಎಷ್ಟೋ ಮನೆಗಳಲ್ಲಿ ಹುಣಸೆಹಣ್ಣಿನ ಡಬ್ಬ ಮತ್ತೆ ಮುಂದಕ್ಕೆ ಬಂತು. ಮಾವಿನಕಾಯಿ ಕಾಲದಲ್ಲಿ ಮಾವಿನಕಾಯಿ, ಹುಳಿ ಮಜ್ಜಿಗೆ ಇದ್ದರೆ ಮಜ್ಜಿಗೆಹುಳಿ.

ನಿಮ್ಮ ಸಾರು ಯಾಕೆ ನೀರಾಯಿತು ಅಂತ ನೀವೇ ಬರೆದಿದ್ದೀರಿ. ತೊಗರಿಬೇಳೆಯನ್ನೇ ಹಿಡಿದುಕೊಂಡು ಅದನ್ನು ಅರ್ಧ ಮಾಡಿದಿರಿ. ಬೇಳೆ ಅರ್ಧ ಮಾಡುವ ಬದಲು ವಾರದಲ್ಲಿ ಎರಡು ಮೂರು ದಿನ ಬೇಳೆಯನ್ನೇ ಬಿಟ್ಟು ಕಾಳಿಗೆ ಹೋಗಿ. ಹುರುಳಿಕಾಳು ಸಾಮಾನ್ಯವಾಗಿ ತೊಗರಿಗಿಂತ ಅಗ್ಗ. ಅಲಸಂದೆ, ಹೆಸರುಕಾಳು, ಕಡಲೆಕಾಳು, ಯಾವುದರ ಬೆಲೆ ಇಳಿದಿದೆಯೋ ಅದು.

ಈ ಲೆಕ್ಕಕ್ಕೆ ಬಸ್ಸಾರಿಗಿಂತ ಒಳ್ಳೆ ಅಡುಗೆ ನನಗೆ ಗೊತ್ತಿಲ್ಲ. ಐದು ಜನಕ್ಕೆ ಕಾಲು ಕೇಜಿ ಹುರುಳಿಕಾಳು ಅಥವಾ ಅಲಸಂದೆ ರಾತ್ರಿ ನೆನೆಹಾಕಿ. ನೆನೆದರೆ ಗ್ಯಾಸೂ ಉಳಿಯುತ್ತದೆ. ಬೆಳಗ್ಗೆ ನೀರು ಧಾರಾಳವಾಗಿಟ್ಟು ಬೇಯಿಸಿ. ಕಾಳು ಮುಕ್ಕಾಲು ಬೆಂದಾಗ ಎರಡು ಕಟ್ಟು ಸೊಪ್ಪು ಹೆಚ್ಚಿ ಹಾಕಿ. ದಂಟು, ಹರಿವೆ, ಸಬ್ಬಸಿಗೆ, ಯಾವುದಾದರೂ ಸರಿ. ಬೆಂದ ಮೇಲೆ ಬಸಿಯಿರಿ. ಕೆಳಗೆ ಇಳಿದ ಕಟ್ಟು ಸಾರಿಗೆ, ಮೇಲೆ ಉಳಿದ ಕಾಳು ಸೊಪ್ಪು ಪಲ್ಯಕ್ಕೆ. ಒಂದೇ ಪಾತ್ರೆಯಲ್ಲಿ ಎರಡು ಅಡುಗೆ. ಮಸಾಲೆಗೆ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಸಾರಿನ ಪುಡಿ, ಹುಣಸೆಹಣ್ಣು. ಅದರ ಜೊತೆ ಬಸಿದಿಟ್ಟ ಕಾಳು ಸೊಪ್ಪನ್ನೇ ಒಂದು ಸೌಟು ಹಾಕಿ ರುಬ್ಬುತ್ತಾರಲ್ಲ, ಅದನ್ನು ಎರಡು ಸೌಟು ಮಾಡಿ. ತೆಂಗಿನಕಾಯಿ ಒಂದು ಚೂರು ಸಾಕು, ಸಾರು ಗಟ್ಟಿಯಾಗಿಯೇ ಬರುತ್ತದೆ. ನಾದಿನಿಗೆ ಫೋನ್ ಹೋದರೂ ಈ ಸಲ ಬೇರೆ ದೂರು ಹುಡುಕಬೇಕು!

ಮಾರನೇ ದಿನ ಹುರುಳಿಕಟ್ಟಿನ ಸಾರು ಇನ್ನೂ ರುಚಿ. ಉಳಿದ ಪಲ್ಯವನ್ನು ರಾಗಿ ಹಿಟ್ಟಿಗೋ ಅಕ್ಕಿ ಹಿಟ್ಟಿಗೋ ಕಲಸಿ ರೊಟ್ಟಿ ತಟ್ಟಿದರೆ ಮಕ್ಕಳ ಡಬ್ಬಿ ಮುಗಿಯಿತು. ಉಳಿದ ಅನ್ನವೂ ಅಷ್ಟೇ. ಯಾವಾಗಲೂ ಚಿತ್ರಾನ್ನ ಮಾಡಿದರೆ ಎಣ್ಣೆ, ಕಡಲೆಬೀಜ ಎಲ್ಲ ಬೇಡುತ್ತದೆ. ಅನ್ನ ಕಿವುಚಿ ಅಕ್ಕಿ ಹಿಟ್ಟಿನ ಜೊತೆ ಕಲಸಿ ನೋಡಿ, ರೊಟ್ಟಿ ಮೆತ್ತಗೆ ಬರುತ್ತದೆ. ತೊಗರಿಬೇಳೆ ಸಾರೇ ಬೇಕು ಅನ್ನುವ ದಿನ ಬೇಳೆ ಜೊತೆ ಒಂದು ಹೋಳು ಸಿಹಿಕುಂಬಳ ಬೇಯಿಸಿ ಮಸೆದುಬಿಡಿ. ಯಾರಿಗೂ ಗೊತ್ತಾಗುವುದಿಲ್ಲ.

ರಾಗಿ ಬಿಡಬೇಡಿ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ, ಅಷ್ಟೇ ಹಾಲಿನಲ್ಲಿ ಇರುವುದು ಅದರ ಅರ್ಧಕ್ಕಿಂತ ಕಡಿಮೆ. ನಿಮ್ಮ ಮನೆಯಲ್ಲಿ ದಿನಕ್ಕೆ ಎಷ್ಟು ಹಾಲು ಅಂತ ಬರೆದಿಲ್ಲ. ಲೀಟರ್ ಆದರೆ ತಿಂಗಳಿಗೆ 1,300 ದಾಟುತ್ತದೆ. ಮಕ್ಕಳ ಲೋಟ ಮುಟ್ಟಬೇಡಿ, ದೊಡ್ಡವರ ಮೂರನೇ ಕಾಫಿ ನಿಲ್ಲಲಿ.

ಸೊಸೈಟಿ ಅಕ್ಕಿ ಮಾರುವುದನ್ನು ಮೊದಲು ಬಿಡಿ. ಅದು ನಿಯಮಕ್ಕೆ ವಿರುದ್ಧ, ಕಾರ್ಡಿಗೇ ಸಂಚಕಾರ ಬಂದರೆ ಇರುವುದೂ ಹೋಗುತ್ತದೆ. ನೀವು ಅವರಿಗೆ ಅಗ್ಗಕ್ಕೆ ಕೊಟ್ಟು, ಅಂಗಡಿಯಿಂದ ಅದರ ಮೂರು ನಾಲ್ಕು ಪಟ್ಟು ಕೊಟ್ಟು ಬೇರೆ ಅಕ್ಕಿ ತರುವುದು ಯಾವ ಲೆಕ್ಕ? ಅನ್ನಕ್ಕೆ ಸೇರದಿದ್ದರೆ ಬೇಡ. ದೋಸೆಗೆ ಹಾಕಿ. ನಾಲ್ಕು ಲೋಟ ಅಕ್ಕಿ, ಒಂದು ಲೋಟ ಉದ್ದಿನಬೇಳೆ, ಒಂದು ಚಮಚ ಮೆಂತ್ಯ, ಇದ್ದರೆ ಒಂದು ಹಿಡಿ ಅವಲಕ್ಕಿ. ದೋಸೆ ಚೆನ್ನಾಗಿಯೇ ಏಳುತ್ತದೆ. ಒಂದಿಷ್ಟು ಅಕ್ಕಿ ತೊಳೆದು ಒಣಗಿಸಿ ಮಿಲ್ಲಿಗೆ ಹಾಕಿಸಿದರೆ ರೊಟ್ಟಿ ಹಿಟ್ಟು ಆಯಿತು.

ಆ ಪ್ಲಾಸ್ಟಿಕ್ ಅಕ್ಕಿ ಪ್ಲಾಸ್ಟಿಕ್ ಅಲ್ಲ. ಅಕ್ಕಿ ಹಿಟ್ಟಿಗೆ ಕಬ್ಬಿಣದ ಅಂಶ, ಫೋಲಿಕ್ ಆಸಿಡ್, ಬಿ12 ಬೆರೆಸಿ, ಮತ್ತೆ ಅಕ್ಕಿ ಕಾಳಿನ ಆಕಾರ ಕೊಟ್ಟು, ನೂರು ಕಾಳಿಗೆ ಒಂದರಂತೆ ಸರ್ಕಾರವೇ ಸೇರಿಸಿ ಕಳಿಸಿದ್ದು. ಬಣ್ಣ ಸ್ವಲ್ಪ ಬೇರೆ ಕಾಣುತ್ತದೆ, ಕೆಲವು ನೀರಿನಲ್ಲಿ ತೇಲುತ್ತವೆ, ಅದಕ್ಕೇ ಅನುಮಾನ. ರಕ್ತ ಕಡಿಮೆ ಇರುವವರಿಗೆ ಅಂತಲೇ ಹಾಕಿದ ಕಾಳನ್ನು ಆರಿಸಿ ಎಸೆದು, ಆ ಮನೆಯ ಸೊಸೆಗೇ ತಲೆ ಸುತ್ತುತ್ತಿದೆ. ಅತ್ತೆಗೆ ಇದನ್ನು ನೀವು ಹೇಳಿದರೆ ನಂಬಲಿಕ್ಕಿಲ್ಲ. ಮೊಮ್ಮಕ್ಕಳ ಬಾಯಲ್ಲಿ ಹೇಳಿಸಿ.

ಭಾನುವಾರದ ಬಾಡು ಪೂರ್ತಿ ನಿಲ್ಲಿಸಿದ್ದು ನನಗೆ ಸರಿ ಕಾಣಲಿಲ್ಲ. ನಾಗಮಂಗಲ ಕಡೆಯ ಮನೆಗಳಲ್ಲಿ ಭಾನುವಾರ ಬಾಡು ಇಲ್ಲ ಅಂದರೆ ಏನೋ ಆಗಿದೆ ಅಂತಲೇ ಅರ್ಥ. ಮಟನ್ ಹಬ್ಬಕ್ಕೆ ಇರಲಿ. ಅರ್ಧ ಕೇಜಿ ಕೋಳಿ ತಂದು ಆಲೂಗಡ್ಡೆ ಸೇರಿಸಿ ಸಾರು ಮಾಡಿ, ಡಿಸೆಂಬರ್ ಜನವರಿಯಲ್ಲಿ ಅವರೆಕಾಯಿ ಇಳಿದಾಗ ಹಿತಕಿದ ಬೇಳೆ ಹಾಕಿ. ಮುದ್ದೆಗೆ ಬೇಕಾದ್ದು ಸಾರು, ಪೀಸು ಎರಡು ಬಿದ್ದರೆ ಸಾಕು. ಎರಡು ವಾರಕ್ಕೊಮ್ಮೆ ಮೊಟ್ಟೆ ಸಾರು, ಇಲ್ಲ ಬದನೆಕಾಯಿಗೆ ಒಣಸೀಗಡಿ. ಮಕ್ಕಳ ನೂಡಲ್ಸು ವಾರಕ್ಕೊಂದು ಸಲ ಇದ್ದರೆ ಇರಲಿ, ಅದರ ಮೇಲೆ ಯುದ್ಧ ಬೇಡ.

ಇಷ್ಟೆಲ್ಲ ನಾನು ಬರೆದದ್ದೇ ದಂಡ ಅನ್ನಿಸುತ್ತಿದೆ, ಯಾಕಂದರೆ ನಾಗಮಂಗಲ ಕಡೆಯ ಹೆಂಗಸು ನಿಮ್ಮ ಮನೆಯಲ್ಲೇ ಕೂತಿದ್ದಾರೆ. ಉಪ್ಪುಸಾರು, ಮಸ್ಸೊಪ್ಪು, ಬೆರಕೆ ಸೊಪ್ಪಿನ ಸಾರು ಅವರಿಗೆ ಯಾವ ವಿಡಿಯೋ ಕಲಿಸಬೇಕು? ಮಳೆ ಬರದ ವರ್ಷಗಳಲ್ಲಿ ಸಂಸಾರ ತೂಗಿಸಿದವರು ಅವರು. ಕಡಿಮೆಯಲ್ಲಿ ಅಡುಗೆ ಮಾಡುವುದು ನಿಮಗಿಂತ, ನನಗಿಂತ ಚೆನ್ನಾಗಿ ಬರುತ್ತದೆ. ದುಡ್ಡು ಕಡಿಮೆ ಇದೆ ಅಂತ ಗೊತ್ತಿಲ್ಲದಿರುವುದರಿಂದ ಸುಮ್ನೆ ಕೂತು ತಪ್ಪು ಹುಡುಕುತ್ತಿದ್ದಾರೆ. ಮಗ ವಿಷಯ ಹೇಳಿದ ಮೇಲೆ ಸಂಜೆ ಸೊಪ್ಪಿನವಳ ಹತ್ತಿರ ಅವರನ್ನೂ ಕರೆದುಕೊಂಡು ಹೋಗಿ. "ಅತ್ತೆ, ಬೆರಕೆಗೆ ಯಾವ್ಯಾವ ಸೊಪ್ಪು ತಗೊಳ್ಳಲಿ, ನೀವೇ ಆರಿಸಿ" ಅನ್ನಿ. ಚೌಕಾಸಿಯನ್ನೂ ಅವರಿಗೇ ಬಿಡಿ. ಪೂರ್ತಿ ಅಡುಗೆಮನೆಯನ್ನೇ ಹಿಡಿದುಬಿಟ್ಟಾರು, ನಿಮ್ಮ ಸಾರಿನ ಪುಡಿಗೆ ಹೆಸರಿಟ್ಟಾರು, ನಾದಿನಿಗೆ ಇನ್ನೊಂದು ಫೋನೂ ಹೋದೀತು. ಒಂದೇ ದಿನಕ್ಕೆ ಅತ್ತೆ ಅಮ್ಮ ಆಗಿಬಿಡುತ್ತಾರೆ ಅಂತ ನಾನು ಹೇಳುತ್ತಿಲ್ಲ. ತವರಿಗೆ ದುಡ್ಡು ಹೋಗುತ್ತಿದೆ ಅನ್ನುವ ಮಾತಂತೂ ನಿಲ್ಲುತ್ತದೆ. ಅದು ನಿಂತರೆ ಉಳಿದ ಜಗಳ ಯಾವ ಮನೆಯಲ್ಲಿಲ್ಲ ಹೇಳಿ?

ಯಜಮಾನರು ಒಪ್ಪದಿದ್ದರೆ ಬರುವ ಸಂಬಳದ ದಿನದವರೆಗೆ ಕಾಯಿರಿ, ಅಷ್ಟು ಹೊತ್ತು ಕೊಟ್ಟಿದ್ದೀನಿ ಅಂತ ಅವರಿಗೂ ತಿಳಿಸಿ. ಆವತ್ತೂ ಸುಮ್ಮನಿದ್ದರೆ ನೀವೇ ಹೇಳಿ, ಆಣೆ ನನ್ನ ಲೆಕ್ಕಕ್ಕಿರಲಿ. ಆದರೆ ಅವರು ಕೆಲಸಕ್ಕೆ ಹೋದಾಗ ಹೇಳಬೇಡಿ. ಮೂವರೂ ಮನೆಯಲ್ಲಿರುವಾಗ, ಅವರ ಎದುರಿಗೇ ಹೇಳಿ.